ಒಂದೇ ನೆರಳಿನ ಹೊಣೆಗಾರರು

ಹೊಣೆ ಎಂಬುದು ನಮ್ಮ ನುಡಿಯ ಹಳೆಯ ಮಾತುಗಳಲ್ಲೊಂದು. ಈಚೆಗೆ ನಾವು ಅದನ್ನು ಕರ್ತವ್ಯ, ಜವಾಬ್ದಾರಿ ಮುಂತಾದ ಮಾತುಗಳ ಸಾಲಿಗೆ ಸೇರಿಸಿ ಬಹು ಸಡಿಲವಾಗಿ ಬಳಸುತ್ತಿದ್ದೇವೆ. ಆದರೆ ಅದರ ಮೊದಲಿನ ಅರ್ಥ ಅಷ್ಟು ಸಡಿಲವಾದುದಲ್ಲ. ಒಬ್ಬನು ಸಾಲ ತೆಗೆದುಕೊಳ್ಳುವಾಗ, 'ಇವನು ಕೊಡದೆ ಹೋದರೆ ನಾನು ಕೊಡುತ್ತೇನೆ' ಎಂದು ಸಾಲ ಕೊಡುವವನ ಮುಂದೆ ನಿಲ್ಲುವವನು ಹೊಣೆ. ಅವನು ನಿಲ್ಲುವುದು ಸ್ವಂತ ಇಚ್ಛೆಯಿಂದ. ಆದರೆ ಒಮ್ಮೆ ನಿಂತ ಮೇಲೆ ಕೊಡುವುದು ಬಿಡುವುದು ಅವನ ಇಚ್ಛೆಗೆ ಸೇರಿದ್ದಲ್ಲ. ವಾಯಿದೆ ಮುಗಿದ ದಿನ ಸಾಲ ಕೊಟ್ಟವನು ಬಂದು ಜಗಲಿಯಲ್ಲಿ ಕುಳಿತನೆಂದರೆ, 'ನನಗೀಗ ಅನುಕೂಲವಿಲ್ಲ' ಎಂದಾಗಲಿ, 'ಆ ಹಣವನ್ನು ಉಂಡವನು ನಾನಲ್ಲ' ಎಂದಾಗಲಿ ಹೇಳಿ ಅವನು ಬಾಗಿಲು ಮುಚ್ಚಿಕೊಳ್ಳುವಂತಿಲ್ಲ. ಉಪಕಾರ ಮಾಡಿದವನಿಗೆ ನಾವು ಕೃತಜ್ಞರಾಗಿರಬೇಕು. ಹೊಣೆ ನಿಂತವನನ್ನಾದರೆ ನಾವು ಕೇಳಬಹುದು.

ಸರಕಾರದ ಆಸ್ಪತ್ರೆ, ಸರಕಾರದ ಔಷಧ, ಕರೆದಾಗ ಬರಬೇಕಾದ ಆಂಬುಲೆನ್ಸು, ಇವು ಪ್ರಜೆಗೆ ಸಲ್ಲುವುದು ಉಪಕಾರವೆಂದೋ ಹೊಣೆಯೆಂದೋ? ಬಾಯಿಮಾತಿನ ಉತ್ತರವೇನೋ ಸುಲಭ. ಅದನ್ನು ಉಪಕಾರವೆಂದು ವೇದಿಕೆಯ ಮೇಲೆ ನಿಂತು ಹೇಳುವ ಮಂತ್ರಿ ಇಂದು ಯಾವ ರಾಜ್ಯದಲ್ಲಿಯೂ ಸಿಗಲಾರನು. ಆದರೂ ಹೊಸ ಆಂಬುಲೆನ್ಸಿಗೆ ಹಸಿರು ನಿಶಾನೆ ತೋರಿಸುವ ಸಮಾರಂಭವನ್ನು ಒಮ್ಮೆ ನೆನೆದುಕೊಳ್ಳಿರಿ. ಹೂಮಾಲೆ, ಭಾಷಣ, ವಾಹನದ ಮೈಮೇಲೆ ದೇವಸ್ಥಾನದ ಕಲ್ಲಿನಲ್ಲಿ ದಾನಿಗಳ ಹೆಸರನ್ನು ಕೆತ್ತುವಂತೆ ಬರೆದ ಹೆಸರುಗಳು! ಸಾಲ ತೀರಿಸುವವನು ಎಲ್ಲಿಯಾದರೂ ಇಷ್ಟು ಸಡಗರ ಮಾಡಿದ್ದುಂಟೆ? ನಮ್ಮ ಮಾತು ಒಂದು, ನಡತೆ ಒಂದು ಆಗಿರುವುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ಬುಡದಿಂದಲೇ ವಿಚಾರಿಸಬೇಕಾಗಿದೆ.

ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಖಂಡಿತವಾಗಿ ಮಾತನಾಡಿದ್ದಾರೆ. ಕಳ್ಳರು ಅಪಹರಿಸಿದ ಸೊತ್ತನ್ನು ರಾಜನು ಪ್ರಜೆಗೆ ಕೊಡತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯಲ್ಲಿ ಒಂದು ವಿಧಿಯಿದೆ. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಇದ್ದವನು. ಆದುದರಿಂದ ಇದನ್ನು ದೂರದ ಮಾತೆಂದು ನಾವು ತಳ್ಳಿಹಾಕುವಂತಿಲ್ಲ. ಈ ವಿಧಿಯಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ರಾಜನೇ ಕಳ್ಳನೆಂದು ಅದು ಹೇಳುವುದಿಲ್ಲ. ಕಳವು ಮಾಡಿದವನು ಬೇರೊಬ್ಬ. ಅವನಿಗೆ ಶಿಕ್ಷೆಯೂ ಬೇರೆ. ಆದರೆ ಕರವನ್ನು ತೆಗೆದುಕೊಂಡು ರಕ್ಷಣೆಯ ಮಾತು ಕೊಟ್ಟವನು ರಾಜ. ಆದುದರಿಂದ ಕಳೆದುಹೋದದ್ದಕ್ಕೆ ಉತ್ತರ ಹೇಳಬೇಕಾದವನೂ ಅವನೇ. ಅಪರಾಧಿಯೆಂಬವನು ಬೇರೆ, ಹೊಣೆಗಾರನೆಂಬವನು ಬೇರೆ ಎಂಬ ಈ ವಿವೇಕವನ್ನು ನಾವು ಇಂದು ಬಹುಮಟ್ಟಿಗೆ ಮರೆತಿದ್ದೇವೆ. ಆಸ್ಪತ್ರೆಯಲ್ಲಿ ಒಂದು ಸಾವು ಸಂಭವಿಸಿದರೆ ಜನ ಅಪರಾಧಿಯನ್ನು ಹುಡುಕುತ್ತಾರೆ. ಅಧಿಕಾರಿಗಳು ತಾವು ಅಪರಾಧಿಗಳಲ್ಲವೆಂದು ಸಾಧಿಸುತ್ತಾರೆ. ಅಪರಾಧಿ ಸಿಗದಿದ್ದ ಕೂಡಲೇ ಹೊಣೆಯೂ ಇಲ್ಲವಾಯಿತೆಂದು ಕಡತವನ್ನು ಕಟ್ಟಿಡುತ್ತಾರೆ.

ಅದೇ ಸ್ಮೃತಿಯಲ್ಲಿ ಹೊಣೆಗಾರರನ್ನು ಕುರಿತ ಪ್ರಕರಣವೂ ಇದೆ. ಒಂದೇ ಸಾಲಕ್ಕೆ ಹಲವರು ಹೊಣೆ ನಿಂತಿದ್ದರೆ ಏನು ಗತಿ? ಅದಕ್ಕೆ ಎರಡು ಬಗೆಯ ಉತ್ತರ. 'ನನ್ನ ಪಾಲಿಗೆ ಮಾತ್ರ ನಾನು' ಎಂದು ನಿಂತವರಾದರೆ ಅವರವರ ಪಾಲನ್ನು ಅವರವರು ಕೊಡಬೇಕು. ಹಾಗಲ್ಲದೆ ಪ್ರತಿಯೊಬ್ಬನೂ ಇಡಿಯ ಸಾಲಕ್ಕೇ ನಿಂತಿದ್ದರೆ, ಸಾಲ ಕೊಟ್ಟವನು ತನಗೆ ಬೇಕಾದವನನ್ನು ಹಿಡಿದು ಪೂರ್ತಿ ಹಣವನ್ನು ವಸೂಲು ಮಾಡಬಹುದು. ಆಮೇಲೆ ಹೊಣೆಗಾರರು ತಮ್ಮತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳಲಿ. ಈ ಎರಡನೆಯ ಬಗೆಯವರಿಗೆ ಶಾಸ್ತ್ರಕಾರರು ಕೊಟ್ಟ ಹೆಸರು ಬಹು ಸೊಗಸಾದುದು: ಅವರು 'ಏಕಚ್ಛಾಯೆ'ಯನ್ನು ಆಶ್ರಯಿಸಿದವರು, ಅಂದರೆ ಒಂದೇ ನೆರಳಿನಲ್ಲಿ ನಿಂತವರು. ನಮ್ಮ ದೇಶದಲ್ಲಿ ಇಂದಿಗೂ ನಡೆಯುತ್ತಿರುವ 1872ರ ಕರಾರು ಕಾಯಿದೆಯ 43ನೆಯ ಕಲಮಿನಲ್ಲಿಯೂ, ಜಂಟಿಯಾಗಿ ಮಾತು ಕೊಟ್ಟವರ ವಿಷಯದಲ್ಲಿ, ಇದೇ ತತ್ತ್ವವನ್ನು ಕಾಣಬಹುದು.

ಈ ಭೇದವನ್ನು ಇಷ್ಟು ವಿಸ್ತರಿಸಿದುದು ಪಾಂಡಿತ್ಯದ ಪ್ರದರ್ಶನಕ್ಕಲ್ಲ. ಎರಡು ರಾಜ್ಯಗಳ ನಡುವೆ ಬದುಕುವ ಗಡಿನಾಡಿನವರಾದ ನಮಗೆ, ಕಾಯಿಲೆ ಬಿದ್ದ ದಿನ, ಸರಕಾರಗಳು ಯಾವ ಬಗೆಯ ಹೊಣೆಗಾರರು ಎಂಬುದು ಜೀವದ ಪ್ರಶ್ನೆ. ಅದು ಜೀವದ ಪ್ರಶ್ನೆಯೇ ಎಂಬುದು 2020ನೆಯ ಇಸವಿಯ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಕಾಸರಗೋಡಿನಲ್ಲಿ ಸ್ಪಷ್ಟವಾಯಿತು.

ಹೊರಗಿನ ವಾಚಕರಿಗೆ ಊರಿನ ಸ್ಥಿತಿಯನ್ನು ಸ್ವಲ್ಪ ತಿಳಿಸಬೇಕು. ಮಂಜೇಶ್ವರದ ಕಡೆಯವರಿಗೆ ತಲಪಾಡಿಯನ್ನು ದಾಟಿ ಮಂಗಳೂರನ್ನು ಸೇರಲು ಒಂದು ಗಂಟೆ ಬೇಕಾಗುವುದಿಲ್ಲ. ತಮ್ಮ ರಾಜ್ಯದೊಳಗಿನ ವೈದ್ಯಕೀಯ ಕಾಲೇಜಿಗೆ ಹೋಗಬೇಕೆಂದರೆ ಕಣ್ಣೂರು ಜಿಲ್ಲೆಯ ಪರಿಯಾರಕ್ಕೆ ನೂರು ಕಿಲೋಮೀಟರಿನಷ್ಟು ದಾರಿ. ಕೋಝಿಕ್ಕೋಡಿಗೆ ಅದರ ಇಮ್ಮಡಿ. ರಾಜಧಾನಿ ತಿರುವನಂತಪುರವಂತೂ 550 ಕಿಲೋಮೀಟರಿಗೂ ಆಚೆ. 1956ರ ಅಕ್ಟೋಬರ್ ಮುಗಿಯುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಅದರ ಸ್ವಂತ ಜಿಲ್ಲೆಯ ಆಸ್ಪತ್ರೆ. ನವೆಂಬರ್ 1ರಂದು ರಾಜ್ಯದ ಗೆರೆ ಬದಲಾಯಿತು. ರೋಗಿಗಳು ನಡೆಯುವ ದಾರಿ ಬದಲಾಗಲಿಲ್ಲ. ಹೆರಿಗೆಗೆ, ಹೃದಯದ ಬೇನೆಗೆ, ಮೂತ್ರಪಿಂಡ ಕೆಟ್ಟವರ ಡಯಾಲಿಸಿಸ್ಸಿಗೆ ಜನ ಮಂಗಳೂರಿಗೇ ಹೋಗುತ್ತ ಬಂದರು. ಇದನ್ನು ಎರಡು ಸರಕಾರಗಳೂ ಬಲ್ಲವು. ಬಲ್ಲವು ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಏಕೆಂದರೆ ತಿಳಿಯದೆ ಇದ್ದವನ ಹೊಣೆ ಬೇರೆ, ತಿಳಿದೂ ಸುಮ್ಮನಿದ್ದವನ ಹೊಣೆ ಬೇರೆ.

2020ರ ಮಾರ್ಚಿನಲ್ಲಿ ಕೋವಿಡ್ ವ್ಯಾಧಿ ಹರಡಿ, 25ನೆಯ ತಾರೀಕಿನಿಂದ ದೇಶಕ್ಕೆ ದೇಶವೇ ಸ್ತಬ್ಧವಾಯಿತು. ಕರ್ನಾಟಕ ಸರಕಾರವು ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು. ಗಡಿಯ ಒಳರಸ್ತೆಗಳ ಮೇಲೆ ಮಣ್ಣು ಸುರಿದು ಗುಡ್ಡೆ ಹಾಕಲಾಯಿತು. ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳು ಗಡಿಯಿಂದ ಹಿಂದಿರುಗಿದವು. ಮಂಗಳೂರನ್ನು ಸೇರಲಾರದೆ ಹಲವರು ತೀರಿಕೊಂಡರೆಂದು ದಿನದಿನವೂ ಪತ್ರಿಕೆಗಳಲ್ಲಿ ಓದಿದೆವು. ಎಷ್ಟು ಮಂದಿ? ಸಂಖ್ಯೆ ಪತ್ರಿಕೆಯಿಂದ ಪತ್ರಿಕೆಗೆ, ದಿನದಿಂದ ದಿನಕ್ಕೆ ಬೇರೆಯಾಗಿತ್ತು. ಅದೂ ಯೋಚಿಸತಕ್ಕ ವಿಷಯವೇ. ಕೋವಿಡ್ಡಿನಿಂದ ಸತ್ತವರನ್ನು ಎಣಿಸಲು ಸಂಜೆಸಂಜೆಗೂ ಪ್ರಕಟಣೆಯಿತ್ತು. ದಾರಿ ಸಿಗದೆ ಸತ್ತವರನ್ನು ಎಣಿಸಲು ಒಂದು ದಫ್ತರವಿರಲಿಲ್ಲ. ಅಂಥವನ ಮರಣಪತ್ರದಲ್ಲಿ ಹೃದಯಾಘಾತ ಎಂದಿರುತ್ತದೆ, ಮೂತ್ರಪಿಂಡದ ವೈಫಲ್ಯ ಎಂದಿರುತ್ತದೆ. ಮಣ್ಣಿನ ಗುಡ್ಡೆಯ ಹೆಸರು ಇರುವುದಿಲ್ಲ.

ಕರ್ನಾಟಕದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಆ ದಿನಗಳಲ್ಲಿ ಕಾಸರಗೋಡು ದೇಶದಲ್ಲಿಯೇ ಸೋಂಕು ಹೆಚ್ಚಾಗಿದ್ದ ಜಿಲ್ಲೆಗಳಲ್ಲೊಂದು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗೆಂದೇ ಮೀಸಲಿಡಲಾಗಿತ್ತು. ತನ್ನ ಪ್ರಜೆಗಳ ರಕ್ಷಣೆಗೆ ಬದ್ಧವಾದ ಸರಕಾರ ಸೋಂಕು ಒಳಗೆ ಬಾರದಂತೆ ನೋಡಿಕೊಳ್ಳುವುದು ತಪ್ಪೇ? ತಪ್ಪಲ್ಲ. ಮನೆಯ ಯಜಮಾನನಿಗೆ ಮನೆಯವರ ಮೇಲಿನ ಹೊಣೆ ಮೊದಲಿನದು ಎಂಬುದನ್ನು ಯಾವ ನೀತಿಶಾಸ್ತ್ರವೂ ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲಿನಲ್ಲಿ ಕಾವಲುಗಾರನನ್ನು ನಿಲ್ಲಿಸುವುದು ಬೇರೆ, ಬಾಗಿಲಿಗೆ ಗೋಡೆ ಕಟ್ಟುವುದು ಬೇರೆ. ಕಾವಲುಗಾರನು ಬಂದವನ ಮುಖವನ್ನು ನೋಡುತ್ತಾನೆ; ಯಾರು, ಏತಕ್ಕೆ ಬಂದೆ ಎಂದು ಕೇಳುತ್ತಾನೆ; ನಿರಾಕರಿಸಿದರೂ ಕಾರಣ ಹೇಳುತ್ತಾನೆ. ಮಣ್ಣಿನ ರಾಶಿಗೆ ಸೋಂಕಿನವನೂ ಒಂದೇ, ಬಸುರಿಯೂ ಒಂದೇ. ಅದಕ್ಕೆ ಕಿವಿಯಿಲ್ಲ. ಆಳುವವರು ತಮ್ಮ ಬದಲಿಗೆ ಉತ್ತರಿಸಲಾರದ ವಸ್ತುವೊಂದನ್ನು ನಿಲ್ಲಿಸಿ ತಾವು ಮರೆಯಾದರೆಂಬುದೇ ಇಲ್ಲಿಯ ಆಕ್ಷೇಪ, ಸೋಂಕಿಗೆ ಹೆದರಿದರೆಂಬುದಲ್ಲ.

ಬೇರೆ ಬಗೆಯ ತಡೆ ಸಾಧ್ಯವಿರಲಿಲ್ಲವೆನ್ನುವಂತಿಲ್ಲ. ವಯನಾಡಿನ ನಮ್ಮ ಮಿತ್ರರಿಗೆ ಬಂಡೀಪುರದ ಗೇಟು ಚಿರಪರಿಚಿತ. ಕಾಡುಪ್ರಾಣಿಗಳಿಗೆ ತೊಂದರೆಯಾಗಬಾರದೆಂದು 2009ರಿಂದ ಅಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ 6ರ ವರೆಗೆ ವಾಹನಸಂಚಾರ ನಿಷಿದ್ಧ. ತಾಳವಾಡಿಯಿಂದ ಸತ್ಯಮಂಗಲಕ್ಕೆ 27 ತಿರುವುಗಳಲ್ಲಿ ಇಳಿಯುವ ದಿಂಬಂ ಘಾಟಿಯಲ್ಲಿಯೂ 2022ರ ಫೆಬ್ರವರಿಯಲ್ಲಿ ಅಂಥದೇ ರಾತ್ರಿಯ ನಿಷೇಧ ಜಾರಿಗೆ ಬಂತು. ಎರಡು ಕಡೆಗಳಲ್ಲಿಯೂ ಆಂಬುಲೆನ್ಸಿಗೆ ವಿನಾಯಿತಿ ಇಟ್ಟೇ ಆಜ್ಞೆ ಹೊರಟಿತು. ಜಿಂಕೆಗಾಗಿ ಮುಚ್ಚಿದ ದಾರಿ ರೋಗಿಗಾಗಿ ತೆರೆಯಬಲ್ಲುದಾದರೆ, ರೋಗಕ್ಕಾಗಿ ಮುಚ್ಚಿದ ದಾರಿ ರೋಗಿಗಾಗಿ ಏಕೆ ತೆರೆಯಬಾರದಾಗಿತ್ತು?

ಕೊನೆಗೆ ಅದು ತೆರೆದದ್ದೂ ಉಂಟು. ಕೇರಳದ ಹೈಕೋರ್ಟು 2020ರ ಏಪ್ರಿಲ್ 1ರಂದು, ತುರ್ತು ಚಿಕಿತ್ಸೆಗೆ ಹೋಗುವವರಿಗೆ ಅಡ್ಡಿಯಾಗಿರುವ ತಡೆಗಳನ್ನು ರಾಷ್ಟ್ರೀಯ ಹೆದ್ದಾರಿಯಿಂದ ತೆಗೆಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞೆ ಮಾಡಿತು. ಕರ್ನಾಟಕವು ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ರಾಜ್ಯಗಳೂ ಕೇಂದ್ರದ ಆರೋಗ್ಯ ಇಲಾಖೆಯೂ ಕುಳಿತು ದಾರಿ ಕಂಡುಹಿಡಿಯಲಿ ಎಂದು 3ರಂದು ಅಲ್ಲಿ ಸೂಚನೆಯಾಯಿತು. ಒಪ್ಪಂದವಾಗಿದೆಯೆಂದು 7ರಂದು ತಿಳಿಸಿದ ಮೇಲೆ ವ್ಯಾಜ್ಯವನ್ನು ಮುಗಿಸಲಾಯಿತು. ಒಪ್ಪಂದದ ಸಾರ ಇಷ್ಟೆ: ರೋಗಿಗೆ ಕೋವಿಡ್ ಇಲ್ಲವೆಂಬ ವೈದ್ಯರ ಪತ್ರವಿರಬೇಕು, ಗಡಿಯಲ್ಲಿ ತಪಾಸಣೆ ನಡೆಯಬೇಕು, ಆಮೇಲೆ ಆಂಬುಲೆನ್ಸು ಮುಂದೆ ಹೋಗಬಹುದು. ಒಂದು ಮೇಜು, ಒಬ್ಬ ವೈದ್ಯ, ಒಂದು ಕಾಗದ. ಏಪ್ರಿಲ್ 8ರಂದು ಸಾಧ್ಯವಾದದ್ದು ಮಾರ್ಚ್ 25ರಂದು ಏಕೆ ಸಾಧ್ಯವಾಗಲಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ನ್ಯಾಯಾಲಯಕ್ಕೆ ಬೇಕಾಗಿದ್ದುದು ವ್ಯವಸ್ಥೆ, ಅದು ಸಿಕ್ಕಿತು. ಆ ಎರಡು ವಾರಗಳಲ್ಲಿ ಸತ್ತವರ ಮನೆಯವರಿಗೆ ಬೇಕಾಗಿದ್ದುದು ಉತ್ತರ.

ಇಷ್ಟು ಹೇಳಿ ನಿಲ್ಲಿಸಿದರೆ ಪಕ್ಷಪಾತವಾದೀತು. ಮುಚ್ಚಿದ ಬಾಗಿಲಿನ ಮೇಲೆ ದೂರು ಕೊಟ್ಟ ಕೇರಳ ಸರಕಾರ, ತನ್ನ ಪ್ರಜೆ ಪರರ ಬಾಗಿಲನ್ನೇಕೆ ತಟ್ಟಬೇಕಾಯಿತು ಎಂಬುದಕ್ಕೂ ಉತ್ತರ ಹೇಳಬೇಕಾಗುತ್ತದೆ. 1956ರಿಂದ 2020ರ ವರೆಗೆ 64 ವರ್ಷಗಳು. ಜಿಲ್ಲೆಗೊಂದು ವೈದ್ಯಕೀಯ ಕಾಲೇಜೆಂದು ಉಕ್ಕಿನಡ್ಕದಲ್ಲಿ ಶಂಕುಸ್ಥಾಪನೆಯಾದದ್ದು 2013ರ ನವೆಂಬರ್ 30ರಂದು. ಗಡಿ ಮುಚ್ಚಿದಾಗಲೂ ಆ ಕಟ್ಟಡ ಪೂರ್ತಿಯಾಗಿರಲಿಲ್ಲ. 2020ರ ಏಪ್ರಿಲಿನಲ್ಲಿ ಅದರ ಒಂದು ಭಾಗವನ್ನು ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆದರು. ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿ ದೊರೆತದ್ದು 2025ರಲ್ಲಿ, 50 ಸ್ಥಾನಗಳಿಗೆ. ಅದೇ ಜಿಲ್ಲೆಯ ಚಟ್ಟಂಚಾಲಿನ ಬಳಿ ಟಾಟಾ ಸಂಸ್ಥೆಯವರು ಸುಮಾರು 550 ಹಾಸಿಗೆಗಳ ಕೋವಿಡ್ ಆಸ್ಪತ್ರೆಯೊಂದನ್ನು ಐದು ತಿಂಗಳಿನೊಳಗೆ ನಿಲ್ಲಿಸಿ 2020ರ ಸೆಪ್ಟೆಂಬರಿನಲ್ಲಿ ಸರಕಾರಕ್ಕೆ ಒಪ್ಪಿಸಿದರು. ಸಿದ್ಧಗೂಡುಗಳನ್ನು ಜೋಡಿಸಿದ ತಾತ್ಕಾಲಿಕ ಕಟ್ಟಡಕ್ಕೂ ಕಾಲೇಜಿಗೂ ಹೋಲಿಕೆ ಸಲ್ಲದೆಂಬುದು ನಿಜ. ಆದರೂ ಐದು ತಿಂಗಳನ್ನೂ ಹನ್ನೆರಡು ವರ್ಷಗಳನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದ ಮೇಲೆ, 'ಕಾಲಾವಕಾಶ ಬೇಕು' ಎಂಬ ಮಾತಿನ ತೂಕ ಸ್ವಲ್ಪ ಇಳಿಯುವುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಹೊಣೆ ಯಾರದು? ಒಬ್ಬರು ಹೇಳುತ್ತಾರೆ: ರೋಗಿ ಕೇರಳದವನು, ಕೇರಳವೇ ನೋಡಿಕೊಳ್ಳಲಿ. ಇನ್ನೊಬ್ಬರು ಹೇಳುತ್ತಾರೆ: ದಾರಿಯನ್ನು ಮುಚ್ಚಿದವರು ಕರ್ನಾಟಕದವರು, ಅವರೇ ಉತ್ತರಿಸಲಿ. ಸಂವಿಧಾನದ ಏಳನೆಯ ಅನುಸೂಚಿಯನ್ನು ಬಿಚ್ಚಿ ನೋಡಿದರೆ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳು ರಾಜ್ಯಗಳ ಪಟ್ಟಿಯಲ್ಲಿವೆ. ಸಾಂಕ್ರಾಮಿಕ ರೋಗಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಇಬ್ಬರಿಗೂ ಸೇರಿದ ಪಟ್ಟಿಯಲ್ಲಿದೆ. ರಾಜ್ಯರಾಜ್ಯಗಳ ನಡುವಣ ಸಂಚಾರ ಮತ್ತು ದಿಗ್ಬಂಧನ ಕೇಂದ್ರದ ಪಟ್ಟಿಯಲ್ಲಿ 81ನೆಯದಾಗಿದೆ. ಅಂದಮೇಲೆ ಮೂವರೂ ಇದ್ದಾರೆ. ಹೊಲವನ್ನು ಪಾಲು ಮಾಡಿದಂತೆ ಹೊಣೆಯನ್ನೂ ಮೂರು ಪಾಲು ಮಾಡಿದರೆ ಏನಾಗುತ್ತದೆಂದರೆ, ಮೂವರ ನಡುವೆ ಒಂದು ಬದು ಉಳಿಯುತ್ತದೆ, ಅದು ಯಾರದೂ ಅಲ್ಲ. ಆಂಬುಲೆನ್ಸು ನಿಂತದ್ದು ಆ ಬದುವಿನ ಮೇಲೆ.

ನನ್ನ ಅಭಿಪ್ರಾಯದಲ್ಲಿ ಜೀವರಕ್ಷಣೆಯ ಹೊಣೆ ಪಾಲಿಗೆ ನಿಂತವರ ಹೊಣೆಯಲ್ಲ, ಒಂದೇ ನೆರಳಿನಲ್ಲಿ ನಿಂತವರ ಹೊಣೆ. ಅದಕ್ಕೆ ಕಾರಣವೂ ಉಂಟು. ಹಣವಾದರೆ ಭಾಗವಾಗುತ್ತದೆ, ನೂರು ರೂಪಾಯಿಯಲ್ಲಿ ಮೂವತ್ತನ್ನು ಕೊಟ್ಟವನು ಮೂವತ್ತನ್ನು ಕೊಟ್ಟಂತೆಯೇ ಆಯಿತು. ಜೀವದ ವಿಷಯದಲ್ಲಿ ಮೂರನೆಯ ಒಂದಂಶವನ್ನು ಉಳಿಸಿದೆ ಎಂಬ ಮಾತಿಗೆ ಅರ್ಥವೇ ಇಲ್ಲ. ಅವಿಭಾಜ್ಯವಾದ ವಸ್ತುವಿಗೆ ಮಾತು ಕೊಟ್ಟವರ ಹೊಣೆಯೂ ಅವಿಭಾಜ್ಯವಾಗಲೇಬೇಕು. ಆದುದರಿಂದ ರೋಗಿ ಯಾರ ಕೈಗೆ ಮೊದಲು ಸಿಕ್ಕಿದನೋ ಅವರು ಇಡಿಯ ಹೊಣೆಯನ್ನು ಹೊರಬೇಕು. ಚಿಕಿತ್ಸೆಯ ಖರ್ಚು, ಹಾಸಿಗೆಯ ಲೆಕ್ಕ, ಯಾರ ಪ್ರಜೆಯೆಂಬ ತರ್ಕ, ಇವನ್ನು ಸರಕಾರಗಳು ಆಮೇಲೆ ಎಷ್ಟು ಕಾಲ ಬೇಕಾದರೂ ಕುಳಿತು ಇತ್ಯರ್ಥ ಮಾಡಿಕೊಳ್ಳಲಿ. ನದಿಯ ನೀರಿಗಾಗಿ ಅವು ದಶಕಗಟ್ಟಲೆ ವ್ಯಾಜ್ಯ ನಡೆಸಿಲ್ಲವೆ?

ಇದು ಕೇವಲ ಗಡಿನಾಡಿನ ಮಾತೆಂದು ತಿಳಿಯಬಾರದು. ಒಂದೇ ರಾಜ್ಯದ ನಟ್ಟನಡುವೆಯೂ ಇಂಥ ಬದುಗಳಿವೆ. 1992ರ ಜುಲೈ 8ರಂದು ಪಶ್ಚಿಮ ಬಂಗಾಳದ ಮಥುರಾಪುರ ನಿಲ್ದಾಣದಲ್ಲಿ ಕೂಲಿಕಾರನೊಬ್ಬನು ರೈಲಿನಿಂದ ಬಿದ್ದು ತಲೆಗೆ ಭಾರಿ ಗಾಯವಾಯಿತು. ಅಲ್ಲಿಯ ಆರೋಗ್ಯಕೇಂದ್ರದಿಂದ ಹೊರಟು ಕಲ್ಕತ್ತೆಯ ಸರಕಾರಿ ಆಸ್ಪತ್ರೆಗಳನ್ನು ಒಂದೊಂದಾಗಿ ಸುತ್ತಿದರೂ ಎಲ್ಲಿಯೂ ಅವನಿಗೆ ಹಾಸಿಗೆ ದೊರೆಯಲಿಲ್ಲ. ಎಲ್ಲ ಆಸ್ಪತ್ರೆಗಳ ಯಜಮಾನನೂ ಒಬ್ಬನೇ, ಅದೇ ಸರಕಾರ! ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚು ಮಾಡಿ ಅವನು ಬದುಕಿದನು. ಕೃಷಿಕೂಲಿಕಾರರ ಸಂಘದೊಡನೆ ಅವನು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಮೇ 6ರಂದು ತೀರ್ಪಿತ್ತು, ಸಕಾಲದ ಚಿಕಿತ್ಸೆಯನ್ನು ನಿರಾಕರಿಸುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಭಂಗವೆಂದೂ, ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆಪದಿಂದ ರಾಜ್ಯವು ಈ ಋಣದಿಂದ ಪಾರಾಗುವಂತಿಲ್ಲವೆಂದೂ ಸಾರಿತು. 25,000 ರೂಪಾಯಿ ಪರಿಹಾರವನ್ನೂ ಕೊಡಿಸಿತು. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿದೆಯೆಂದು ಒಂದೆಡೆಯಿಂದಲೇ ತಿಳಿಯುವ ಏರ್ಪಾಡು ಬೇಕು, ರೋಗಿಯನ್ನು ಅಲ್ಲಿಗೊಯ್ಯಲು ಆಂಬುಲೆನ್ಸು ಬೇಕು ಎಂದೂ ಹೇಳಿತು. ಆಗ 108 ಎಂಬ ಸಂಖ್ಯೆ ನಮ್ಮಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆ ಸಂಖ್ಯೆಯ ಸೇವೆ ಹೈದರಾಬಾದಿನಲ್ಲಿ 2005ರ ಆಗಸ್ಟ್ 15ರಂದು ಮೊದಲಾಯಿತು. ಕರ್ನಾಟಕಕ್ಕೆ 2008ರ ನವೆಂಬರ್ 1ರಂದು ಬಂತು. ಬಳಿಕ ಒಂದೊಂದಾಗಿ ಹಲವು ರಾಜ್ಯಗಳಿಗೆ ಹಬ್ಬಿತು. ಅದು ಉಳಿಸಿದ ಜೀವಗಳು ಕಡಮೆಯಲ್ಲ. ಆ ವಾಹನಗಳಲ್ಲಿ ಹಗಲಿರುಳು ದುಡಿಯುವವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಯೇ ಮುಂದಿನ ಮಾತನ್ನು ಹೇಳುತ್ತೇನೆ. ಸಾಮಾನ್ಯವಾಗಿ ಈ ಸೇವೆಯನ್ನು ಸರಕಾರ ತಾನೇ ನಡೆಸದೆ ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆ ಕೊಡುವುದು ತಪ್ಪಲ್ಲ. ಆದರೆ ಕೆಲಸವನ್ನು ಗುತ್ತಿಗೆಗೆ ಕೊಡಬಹುದೇ ಹೊರತು ಹೊಣೆಯನ್ನು ಕೊಡಲಾಗದು. ವಾಹನ ಬಾರದ ದಿನ ಗುತ್ತಿಗೆದಾರನು 'ಸರಕಾರದಿಂದ ಹಣ ಬಂದಿಲ್ಲ' ಎಂದರೆ, ಸರಕಾರವು 'ಗುತ್ತಿಗೆದಾರನಿಗೆ ನೋಟೀಸು ಕೊಟ್ಟಿದ್ದೇವೆ' ಎನ್ನುತ್ತದೆ. ರೋಗಿಯ ಮನೆಯವರಿಗೆ ಈ ಎರಡು ಮಾತುಗಳಲ್ಲಿ ಯಾವುದೂ ಉತ್ತರವಲ್ಲ, ಅವು ಹೊಣೆಗಾರರ ಒಳಜಗಳ.

ಇನ್ನೊಂದು ಬಗೆಯ ಉತ್ತರವಿದೆ, ಸರಾಸರಿಯ ಉತ್ತರ. ಕರೆ ಬಂದಲ್ಲಿಂದ ವಾಹನ ಮುಟ್ಟುವವರೆಗೆ ಸರಾಸರಿ ಇಷ್ಟು ನಿಮಿಷಗಳು ಎಂದು ವರ್ಷದ ಕೊನೆಗೆ ಪ್ರಕಟಿಸುತ್ತಾರೆ. ಗಣಿತದ ಉಪಾಧ್ಯಾಯರು ತರಗತಿಯಲ್ಲಿ ಇದನ್ನು ಚೆನ್ನಾಗಿ ತೋರಿಸಬಲ್ಲರು. ಪಟ್ಟಣದ ಒಂಬತ್ತು ಮಂದಿಗೆ 10 ನಿಮಿಷಗಳಲ್ಲಿಯೂ, ಗುಡ್ಡದಾಚೆಯ ಒಬ್ಬನಿಗೆ 110 ನಿಮಿಷಗಳಲ್ಲಿಯೂ ವಾಹನ ಮುಟ್ಟಿದರೆ ಸರಾಸರಿ 20 ನಿಮಿಷವಾಗುತ್ತದೆ. ವರದಿಯಲ್ಲಿ 20 ಎಂಬುದು ಶೋಭಿಸುತ್ತದೆ. ಆದರೆ 20 ನಿಮಿಷ ಕಾದವನು ಆ ಹತ್ತು ಮಂದಿಯಲ್ಲಿ ಒಬ್ಬನೂ ಇಲ್ಲ. ಆಡಳಿತಕ್ಕೆ ಸರಾಸರಿ ಬೇಕು, ಯೋಜನೆಗೆ ಬೇಕು. ಹೊಣೆಯ ಮಾತು ಬಂದಾಗ ಮಾತ್ರ ಅದು ಉಪಯೋಗಕ್ಕೆ ಬಾರದು, ಏಕೆಂದರೆ ಜಗಲಿಗೆ ಬಂದು ಕುಳಿತ ಮನುಷ್ಯನಿಗೆ ಒಂದು ಮುಖವಿದೆ. ಅವನಿಗೆ ಹೇಳಬೇಕಾದದ್ದು ಅವನ ಆ ಒಂದು ದಿನದ ವೃತ್ತಾಂತ: ಕರೆ ಎಷ್ಟು ಗಂಟೆಗೆ ಬಂತು, ವಾಹನ ಎಲ್ಲಿತ್ತು, ಏಕೆ ತಡವಾಯಿತು, ಮುಂದೆ ಹಾಗಾಗದಂತೆ ಏನು ಮಾಡಿದ್ದೇವೆ.

ಅಧಿಕಾರಿಗಳು ಇಂಥ ವೃತ್ತಾಂತವನ್ನು ಹೇಳಲು ಅಂಜುವುದಕ್ಕೆ ಕಾರಣವೂ ಇಲ್ಲದಿಲ್ಲ. ಹೇಳಿದ ಮಾತೇ ತಮಗೆ ಉರುಳಾದೀತೆಂಬ ಭಯ. ಅದಕ್ಕೆಂದೇ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲಿ, ಸದ್ಭಾವದಿಂದ ಮಾಡಿದ ಕೆಲಸಕ್ಕಾಗಿ ಯಾರ ಮೇಲೆಯೂ ದಾವೆ ಹೂಡಕೂಡದೆಂಬ ಕಲಮೊಂದನ್ನು ಇಟ್ಟಿದ್ದಾರೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯಲ್ಲಿಯೂ ಅಂಥದೇ ರಕ್ಷಣೆಯಿದೆ. ಗಡಿಯಲ್ಲಿ ಬಿಸಿಲಿಗೆ ನಿಂತ ಪೊಲೀಸಿನವನಿಗೆ ಈ ರಕ್ಷಣೆ ನ್ಯಾಯವಾದುದೇ. ಆಜ್ಞೆಯನ್ನು ಬರೆದವನು ಅವನಲ್ಲ. ಆದರೆ ಕೆಳಗಿನವನಿಗೆ ಕೊಟ್ಟ ಕೊಡೆಯನ್ನು ಮೇಲಿನವರೂ ಹಿಡಿದುಕೊಂಡರೆ ಮಳೆಯೆಲ್ಲ ರೋಗಿಯ ತಲೆಯ ಮೇಲೆಯೇ ಬೀಳುತ್ತದೆ. ಇಲ್ಲಿಯೇ ಆ ಹಳೆಯ ವಿವೇಕ ನಮ್ಮ ನೆರವಿಗೆ ಬರಬೇಕು: ಅಪರಾಧಿಯಾರೆಂದು ನಿರ್ಣಯಿಸದೆಯೂ ರಾಜನು ಸೊತ್ತನ್ನು ಹಿಂದಿರುಗಿಸುತ್ತಿದ್ದನು. ಶಿಕ್ಷೆಯ ಭಯವಿಲ್ಲದ ಒಂದು ವಿಚಾರಣೆ, ಅದರಲ್ಲಿ ನಡೆದದ್ದನ್ನು ನಡೆದಂತೆ ಬರೆದ ಒಂದು ದಾಖಲೆ, ಸತ್ತವನ ಮನೆಗೆ ಅದರದೊಂದು ಪ್ರತಿ. ಇಷ್ಟಕ್ಕೆ ಹೊಸ ಬೊಕ್ಕಸ ಬೇಕಾಗಿಲ್ಲ.

ಹಣ ಕೊಟ್ಟ ಮಾತ್ರಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲವೆಂಬುದನ್ನು ನಮ್ಮ ಜಿಲ್ಲೆ ಬೇರೊಂದು ದಾರಿಯಿಂದಲೂ ಕಲಿತಿದೆ. ಸರಕಾರಕ್ಕೇ ಸೇರಿದ ತೋಟಗಾರಿಕೆಯ ನಿಗಮವೊಂದು ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನನ್ನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸಿಂಪಡಿಸಿತು. ಅದು ನಿಂತದ್ದು 2000ನೆಯ ಇಸವಿಯ ಕೊನೆಗೆ. ಎಣ್ಮಕಜೆಯ ಪಡ್ರೆಯಂಥ ಊರುಗಳ ಹೆಸರು ದೇಶಕ್ಕೆಲ್ಲ ತಿಳಿದದ್ದು ಆ ದುಃಖದಿಂದ. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಆಜ್ಞಾಪಿಸಿತು. ಐದು ವರ್ಷಗಳ ಮೇಲೆ, 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂದಾಗ, 3,704 ಪೀಡಿತರಲ್ಲಿ ಹಣ ಸಂದಿದ್ದುದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ 8 ಮಂದಿಗೆ ಮಾತ್ರ ಎಂದು ತಿಳಿದುಬಂತು. ನ್ಯಾಯಾಲಯ ಕಟುವಾಗಿ ನುಡಿದ ಮೇಲೆ ಉಳಿದವರಿಗೆ ಹಣ ಹರಿಯತೊಡಗಿತು. ಕೇಳಿದವನಿಗೆ ಮಾತ್ರ ಕೊಡುವ ಹೊಣೆಗಾರನನ್ನು ಏನೆಂದು ಕರೆಯಬೇಕೋ ವಾಚಕರೇ ಯೋಚಿಸಲಿ. ಹಾಸಿಗೆ ಹಿಡಿದವನು, ಬುದ್ಧಿ ಬೆಳೆಯದ ಮಗುವಿನ ತಾಯಿ, ದೆಹಲಿಯವರೆಗೆ ಹೋಗಿ ಕೇಳುವುದು ಹೇಗೆ?

ಆದರೂ ಕೇಳುವವರಿಲ್ಲದಿದ್ದರೆ ಹೊಣೆ ತಾನಾಗಿ ನೆನಪಾಗುವುದಿಲ್ಲವೆಂಬುದು ಈ 8 ಎಂಬ ಸಂಖ್ಯೆಯಿಂದ ತಿಳಿಯುತ್ತದೆ. ಆ ಕೆಲಸಕ್ಕೆ ಊರೂರಿನಲ್ಲಿ ಶಾಲೆಯ ಉಪಾಧ್ಯಾಯರಿಗಿಂತ ತಕ್ಕವರು ಬೇರೆ ಇಲ್ಲ. ಹಿಂದೆ ಊರಿನವರ ಕಾಗದ ಪತ್ರ, ಮನವಿಗಳನ್ನು ಬರೆದುಕೊಡುತ್ತಿದ್ದವರು ಅವರೇ ತಾನೆ! 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ, ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು ಕೇಳಿದ 48 ಗಂಟೆಗಳೊಳಗೆ ಕೊಡಬೇಕು. ಅಹವಾಲನ್ನು ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಆದುದರಿಂದ ಅಹವಾಲನ್ನು ಕನ್ನಡದಲ್ಲಿಯೇ ಬರೆಯಬಹುದು. ಕೇಳಬೇಕಾದದ್ದೂ ಬಹಳವೇನಿಲ್ಲ. ಉಕ್ಕಿನಡ್ಕದಲ್ಲಿ ಮಂಜೂರಾದ ವೈದ್ಯರ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು? ನಮ್ಮ ಪಂಚಾಯತಿಗೆ ಹತ್ತಿರದ ಆಂಬುಲೆನ್ಸು ರಾತ್ರಿ ಎಲ್ಲಿ ನಿಲ್ಲುತ್ತದೆ? ತಲಪಾಡಿಗಾಗಿ 2020ರ ಏಪ್ರಿಲಿನಲ್ಲಿ ಮಾಡಿಕೊಂಡ ಒಪ್ಪಂದ ಆ ವ್ಯಾಧಿಗೆ ಮಾತ್ರವೋ, ನಾಳೆ ಇನ್ನಾವುದೋ ಕಾರಣಕ್ಕೆ ಗಡಿ ಮುಚ್ಚಿದರೆ ಅದೇ ನಡೆಯುವುದೋ? ನಡೆಯುವುದಾದರೆ ಅದರ ಬರಹದ ಪ್ರತಿ ಯಾವ ಕಚೇರಿಯಲ್ಲಿದೆ? ಅಹವಾಲಿನ ಒಂದು ಪ್ರತಿಯನ್ನು ತಿರುವನಂತಪುರಕ್ಕೂ ಇನ್ನೊಂದನ್ನು ಬೆಂಗಳೂರಿಗೂ ಮೂರನೆಯದನ್ನು ದೆಹಲಿಗೂ ಕಳುಹಿಸಬೇಕು.